ಕುರ್‌ಆನ್, ಹದೀಸ್, ಫಿಕ್ಹ್: ನಾದಿರಾಳ ಕತೆಯನ್ನು ಓದುವ ಮೊದಲು

ನಾನು ಕನ್ನಡ ಸಾಹಿತ್ಯದ ವಿದ್ಯಾರ್ಥಿ. ಅರಬ್ಬಿ ನನಗೆ ಬಾರದು, ಅನುವಾದಗಳ ಮೂಲಕ ಓದಿಕೊಂಡದ್ದು. ಹಾಗಾಗಿ ಇದನ್ನು ಒಂದು ಪ್ರವೇಶಿಕೆ ಅಂತ ಮಾತ್ರ ತಿಳಿಯಬೇಕು.

ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ನಮ್ಮಲ್ಲಿ ಹೆಚ್ಚಿನವರು ಓದಿದ್ದೇವೆ. ತಂದೆಯ ಹಟದಿಂದ ನಾದಿರಾಳಿಗೆ ತಲಾಖ್ ಆಗುತ್ತದೆ. ಗಂಡನ ಬಳಿಗೆ ಮರಳಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ, ಅವನಿಂದಲೂ ತಲಾಖ್ ಪಡೆಯಬೇಕು. ಅದನ್ನು ತಾಳಲಾರದೆ ಆಕೆ ಸಾಯುತ್ತಾಳೆ. ತರಗತಿಯಲ್ಲಿ ಇದರ ಚರ್ಚೆ ಬಂದಾಗ ಕೆಲವರು "ಕುರ್‌ಆನಿನಲ್ಲೇ ಹಾಗಿದೆ" ಅಂದರು, ಕೆಲವರು "ಕುರ್‌ಆನಿಗೂ ಅದಕ್ಕೂ ಸಂಬಂಧವೇ ಇಲ್ಲ" ಅಂದರು. ನಾನು ಮೊದಲಿನ ಗುಂಪಿನಲ್ಲಿದ್ದೆ. ನಿಜ ಹೇಳಬೇಕೆಂದರೆ ಎರಡೂ ಗುಂಪಿನವರು ಪುಸ್ತಕ ತೆರೆದು ನೋಡಿರಲಿಲ್ಲ. ಆಮೇಲೆ ತೆರೆದು ನೋಡಿದಾಗ ತಿಳಿದದ್ದು ಇಷ್ಟು: ನಾವು 'ಇಸ್ಲಾಮಿನ ಶಾಸ್ತ್ರ' ಅಂತ ಒಂದೇ ಮಾತಿನಲ್ಲಿ ಕರೆಯುವುದರಲ್ಲಿ ಹಲವು ಪದರಗಳಿವೆ. ಅವುಗಳಿಗೆ ಬೇರೆ ಬೇರೆ ಚರಿತ್ರೆಯಿದೆ.

ಮೊದಲ ಪದರ ಕುರ್‌ಆನ್. ಇದನ್ನು ಪ್ರವಾದಿ ಮುಹಮ್ಮದರು ಬರೆದ ಕೃತಿ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮುಸ್ಲಿಮರ ನಂಬಿಕೆಯಲ್ಲಿ ಅದು ದೇವರ ಮಾತು, ಪ್ರವಾದಿಯವರು ಅದನ್ನು ಪಡೆದು ತಲುಪಿಸಿದವರು. ದೇವರೊಬ್ಬನೇ ಎಂಬುದು ಆ ನಂಬಿಕೆಯ ಬುಡ. ದೇವದೂತರು, ಗ್ರಂಥಗಳು, ಪ್ರವಾದಿಗಳು, ಅಂತಿಮ ದಿನ, ವಿಧಿ ಇವುಗಳಲ್ಲಿನ ವಿಶ್ವಾಸವೂ ಅದರೊಂದಿಗೆ ಸೇರುತ್ತದೆ. 'ಗ್ರಂಥಗಳು' ಎಂಬ ಬಹುವಚನವನ್ನು ಗಮನಿಸಿ. ಮೂಸಾರ ತೌರಾತ್, ದಾವೂದರ ಝಬೂರ್, ಈಸಾರ ಇಂಜೀಲ್ ಕೂಡ ದೇವರು ಕೊಟ್ಟವೇ ಎಂದು ಕುರ್‌ಆನ್ ಹೇಳುತ್ತದೆ.

ಸಂಪ್ರದಾಯದ ಪ್ರಕಾರ ಮೊದಲ ವಾಣಿ ಬಂದದ್ದು ಸುಮಾರು 610ರಲ್ಲಿ, ಮಕ್ಕಾದ ಸಮೀಪದ ಹಿರಾ ಗುಹೆಯಲ್ಲಿ. 632ರಲ್ಲಿ ಪ್ರವಾದಿಯವರು ತೀರಿಕೊಳ್ಳುವವರೆಗೂ ಅದು ಬಿಡಿಬಿಡಿಯಾಗಿ ಬರುತ್ತಲೇ ಇತ್ತು. ಮೊದಲ ಪದವೇ 'ಇಕ್ರಅ್', ಅಂದರೆ ಓದು, ಪಠಿಸು. 'ಕುರ್‌ಆನ್' ಪದವೂ ಅದೇ ಧಾತುವಿನದ್ದು. ಅಂದರೆ ಪುಸ್ತಕವಾಗುವ ಮೊದಲು ಅದು ಕೇಳಿ ಬಾಯಿಪಾಠ ಮಾಡುವ ಪಠ್ಯವಾಗಿತ್ತು. ಬಾಯಿಪಾಠ ಮಾಡಿದವರು ಅನೇಕರು ಯಮಾಮಾ ಯುದ್ಧದಲ್ಲಿ ಸತ್ತಾಗ ಮೊದಲ ಖಲೀಫ ಅಬೂಬಕ್ಕರರು ಝೈದ್ ಬಿನ್ ಸಾಬಿತರಿಗೆ ಸಂಗ್ರಹದ ಕೆಲಸ ವಹಿಸಿದರು. ಮೂರನೆಯ ಖಲೀಫ ಉಸ್ಮಾನರ ಕಾಲದಲ್ಲಿ ಒಂದು ಪಾಠವನ್ನು ನಿಶ್ಚಯಿಸಿ ಪ್ರತಿಗಳನ್ನು ಬೇರೆ ಬೇರೆ ಪಟ್ಟಣಗಳಿಗೆ ಕಳಿಸಲಾಯಿತು. ಗ್ರಂಥಸಂಪಾದನೆ ಓದಿದ ನಮಗೆ ಇದು ಗುರುತಿನ ವಿಷಯವೇ ಅಲ್ವಾ?

114 ಸೂರಾಗಳು ಕಾಲಕ್ರಮದಲ್ಲಿ ಇಲ್ಲ. ಸ್ಥೂಲವಾಗಿ ಉದ್ದದವು ಮೊದಲು, ಗಿಡ್ಡವು ಕೊನೆಗೆ. ಆದ್ದರಿಂದ ಒಂದು ವಾಕ್ಯ ಮಕ್ಕಾದ ಕಾಲದ್ದೋ, 622ರ ಹಿಜ್ರತ್ ಆದ ಮೇಲಿನ ಮದೀನಾದ್ದೋ ಅಂತ ನೋಡಿಕೊಂಡೇ ಅರ್ಥ ಮಾಡಬೇಕು. ಸಂಸಾರ, ಆಸ್ತಿ, ತಲಾಖ್ ಇವುಗಳ ನಿಯಮಗಳು ಹೆಚ್ಚಾಗಿ ಮದೀನಾದ ಕಾಲದವು.

ಎರಡನೆಯ ಪದರ ಹದೀಸ್: ಪ್ರವಾದಿಯವರ ನಡೆನುಡಿಯ ವರದಿಗಳು. ಯಾರಿಂದ ಯಾರು ಕೇಳಿದರು ಎಂಬ ಸರಪಳಿಯನ್ನು ಪರೀಕ್ಷಿಸಿ ಇವನ್ನು ಸಂಗ್ರಹಿಸಿದ ಬುಖಾರಿ ತೀರಿಕೊಂಡದ್ದು 870ರಲ್ಲಿ, ಅಂದರೆ ಪ್ರವಾದಿಯವರ ನಂತರ ಎರಡು ಶತಮಾನಕ್ಕೂ ಹೆಚ್ಚು ಕಾಲದ ಮೇಲೆ. ಮೂರನೆಯದು ಫಿಕ್ಹ್: ಇವೆರಡರಿಂದ ವಿದ್ವಾಂಸರು ಕಟ್ಟಿದ ನ್ಯಾಯಶಾಸ್ತ್ರ. ಸುನ್ನಿಗಳಲ್ಲಿ ನಾಲ್ಕು ಪಂಥಗಳು ಉಳಿದುಕೊಂಡವು: ಹನಫಿ, ಮಾಲಿಕಿ, ಶಾಫಿ, ಹಂಬಲಿ. ಕಡಲಿನ ಮೂಲಕ ಅರಬರ ಸಂಪರ್ಕವಿದ್ದ ಕಾಸರಗೋಡಿನ ಕರಾವಳಿಯಲ್ಲಿ ಶಾಫಿ ಹೆಚ್ಚು, ಸೋಲಾಪುರ, ಅಕ್ಕಲಕೋಟೆಯಂಥ ಒಳನಾಡಿನಲ್ಲಿ ಹನಫಿ ಹೆಚ್ಚು.

ಈಗ ನಾದಿರಾಳ ಕಡೆಗೆ ಬರೋಣ. ಎರಡನೆಯ ಸೂರಾದ 229 ಮತ್ತು 230ನೇ ವಾಕ್ಯಗಳು ಹೇಳುವುದು ಹೀಗೆ: ತಲಾಖ್ ಕೊಟ್ಟು ಮರಳಿ ಕರೆದುಕೊಳ್ಳುವ ಅವಕಾಶ ಎರಡು ಸಲ ಮಾತ್ರ. ಮೂರನೆಯ ಸಲವೂ ಕೊಟ್ಟರೆ, ಆಕೆ ಇನ್ನೊಬ್ಬನನ್ನು ಮದುವೆಯಾಗಿ ಅವನೂ ಬಿಟ್ಟ ಹೊರತು ಮೊದಲಿನವನಿಗೆ ಆಕೆ ಸಲ್ಲಳು. ಹಾಗಾದರೆ "ಸಂಬಂಧವೇ ಇಲ್ಲ" ಅನ್ನುವುದು ತಪ್ಪು. ಆದರೆ ವ್ಯಾಖ್ಯಾನಕಾರರು ಇದರ ಹಿನ್ನೆಲೆಯನ್ನೂ ಹೇಳುತ್ತಾರೆ. ಹಿಂದೆ ಗಂಡಸರು ಲೆಕ್ಕವಿಲ್ಲದಷ್ಟು ಸಲ ತಲಾಖ್ ಕೊಟ್ಟು, ಮರಳಿ ಕರೆದು, ಹೆಂಡತಿಯನ್ನು ಅತ್ತಲೂ ಇಲ್ಲ ಇತ್ತಲೂ ಇಲ್ಲ ಅಂತ ಇಡುತ್ತಿದ್ದರು. ನಿಯಮ ಬಂದದ್ದು ಆ ಗಂಡಸರ ಕೈ ಕಟ್ಟಲಿಕ್ಕೆ.

ಹದೀಸ್ ಇದಕ್ಕೆ ಎರಡು ಮಾತು ಸೇರಿಸುತ್ತದೆ. ಎರಡನೆಯ ಮದುವೆ ಹೆಸರಿಗಷ್ಟೇ ಆಗಬಾರದು, ದಾಂಪತ್ಯ ನಡೆದಿರಬೇಕು. ಮರಳಿಸುವುದಕ್ಕಾಗಿಯೇ ಮದುವೆಯಾಗುವವನ ಮೇಲೂ, ಹಾಗೆ ಮಾಡಿಸುವವನ ಮೇಲೂ ಶಾಪವಿದೆ. ಫಿಕ್ಹ್‌ನಲ್ಲಿ ಭಿನ್ನಮತ ಶುರುವಾಗುತ್ತದೆ. ಇಂಥ ಏರ್ಪಾಡಿನ ಮದುವೆ ಅಸಿಂಧು ಅನ್ನುತ್ತದೆ ಮಾಲಿಕಿ ಪಂಥ. ಕರಾರಿನಲ್ಲಿ ಷರತ್ತು ಹಾಕದಿದ್ದರೆ, ಮನಸ್ಸಿನೊಳಗೆ ಏನೇ ಇದ್ದರೂ ಮದುವೆ ಸಿಂಧು ಅನ್ನುತ್ತದೆ ಶಾಫಿ ಪಂಥ. ನಾಲ್ಕನೆಯದಾಗಿ ಊರಿನ ರೂಢಿ ಈ ಸಂದಿನೊಳಗೆ ನುಗ್ಗುತ್ತದೆ. ಒಂದು ರಾತ್ರಿಯ ಮದುವೆ ಸಾಧ್ಯವಾಗುವುದು ಅಲ್ಲಿ.

ಗಂಡಸಿನ ಕೈ ಕಟ್ಟಲು ಬಂದ ನಿಯಮ, ಪದರದಿಂದ ಪದರಕ್ಕೆ ಇಳಿದು, ಕೊನೆಗೆ ಹೆಣ್ಣಿನ ಮೈಮೇಲೆ ಬಿತ್ತು. ಸಾರಾ ಅವರ ಕಾದಂಬರಿಯ ಸಿಟ್ಟು ನನಗೆ ಈಗ ಹೆಚ್ಚು ಸ್ಪಷ್ಟವಾಗಿದೆ. "ಕುರ್‌ಆನಿನಲ್ಲೇ ಹಾಗಿದೆ" ಅಂದುಬಿಟ್ಟರೆ ಸುಲಗ್ನ ಮಾಡಿಸಿದವರು, ಸುಮ್ಮನಿದ್ದವರು ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. "ಸಂಬಂಧವೇ ಇಲ್ಲ" ಅಂದರೆ ಆ ವಾಕ್ಯದ ಬಗ್ಗೆ ಕೇಳಲೇಬೇಕಾದ ಪ್ರಶ್ನೆ ತಪ್ಪಿಹೋಗುತ್ತದೆ. ಗಂಡಸಿಗೆ ಹಾಕಿದ ಕಡಿವಾಣ ಹೆಣ್ಣಿನ ಇನ್ನೊಂದು ಮದುವೆಯ ಮೂಲಕವೇ ಯಾಕೆ ಹೋಗಬೇಕಿತ್ತು? ಈ ಪ್ರಶ್ನೆಯನ್ನು ನಂಬಿಕೆಯ ಒಳಗಿದ್ದುಕೊಂಡೇ ಕೇಳಿದವರು ಸಾರಾ. ಹೊರಗಿನಿಂದ ಓದುವ ನಾವು ಕನಿಷ್ಠ ಪುಟ ತೆರೆದು, ಯಾವ ಮಾತು ಯಾವ ಪದರದ್ದು ಅಂತ ಗುರುತಿಸಿಕೊಂಡು ಮಾತಾಡಬೇಕು ಅಂತ ನನಗನ್ನಿಸುತ್ತದೆ.

ಇಷ್ಟು ಹೇಳಿ ಮುಗಿಸುತ್ತೇನೆ. ತಪ್ಪಿದ್ದರೆ ತಿದ್ದಿ.