ಹಂಚಿಯ ಮುಖವಾಡ, ಹೂಮರದ ಹುಡುಗಿಯ ಹೆಸರು: ಮಕ್ಕಳಿಗೆ ಓದಿಹೇಳುವ ಕಥೆಗಳ ಪಾಠಭೇದ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಮಗಳಿಗೆ ಕಥೆ ಓದಿಹೇಳುವ ತಾಯಿತಂದೆಯರು ಕ್ರಮೇಣ ಕಥೆಯ ನಾಯಕಿಯನ್ನೂ ಮನೆಮಗಳಂತೆ ಹಚ್ಚಿಕೊಳ್ಳುತ್ತಾರೆ. ಹಚ್ಚಿಕೊಂಡವರು ಓದುವಾಗ ಕೆಲವು ಸಾಲುಗಳನ್ನು ದಾಟಿಸುತ್ತಾರೆ, ಕೆಲವನ್ನು ಮೆದುವಾಗಿಸುತ್ತಾರೆ. ಈ ಬಿಡುವಿಕೆಗಳು ಪಾಠಭೇದಗಳೇ, ಹಾಗೆಂದು ಗುರುತಿಸಿಡಲು ಯೋಗ್ಯವಾದವು ಎಂಬುದು ಇಲ್ಲಿನ ಸೀಮಿತ ವಾದ. ಪರಿಶೀಲನೆಗೆ ಆರಿಸಿದ್ದು ಎ. ಕೆ. ರಾಮಾನುಜನ್ (1929–1993) ಮುದ್ರಣಕ್ಕೆ ತಂದ ಎರಡು ಕನ್ನಡ ಜನಪದ ಕಥೆಗಳನ್ನು, ಹಂಚಿ ಮತ್ತು ಹೂಮರದ ಹುಡುಗಿಯನ್ನು. ಹೋಲಿಕೆಗೆ ಎರಡು ಅನ್ಯದೇಶೀಯ ಪುಸ್ತಕಗಳನ್ನು ಮತ್ತು ಚಾಮರಾಜನಗರ ಸೀಮೆಯ ಒಂದು ಹಾಡುಗಾವ್ಯದ ಪಾತ್ರವನ್ನು.

ಸ್ಥಳದ ಬಗ್ಗೆ ಒಂದು ಸ್ಪಷ್ಟನೆ. ಇಲ್ಲಿ ಹರದನಹಳ್ಳಿ ಎಂದರೆ ದಿವ್ಯಲಿಂಗೇಶ್ವರ ದೇವಾಲಯವಿರುವ ಚಾಮರಾಜನಗರ ತಾಲ್ಲೂಕಿನ ಊರು. ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ ಬೇರೆ. ಹರದನಹಳ್ಳಿ, ಗುಂಡ್ಲುಪೇಟೆಗಳ ಸೀಮೆ ಮಾದಪ್ಪನ (ಮಲೆಯ ಮಾದೇಶ್ವರನ) ಹಾಡಿನ ಸೀಮೆಯೂ ಹೌದು. ಇಲ್ಲಿ ಬೆಳೆಯುವ ಮಗುವಿಗೆ ಪುಸ್ತಕದ ನಾಯಕಿಯರ ಜೊತೆಗೆ ಆ ಹಾಡು ಹಾಡುವ ಕಂಸಾಳೆಯವರ ದನಿಯಲ್ಲಿ ಬರುವ ನಾಯಕಿಯರೂ ಉಂಟು. ಈ ಎರಡು ಮೂಲಗಳ ನಡುವಿನ ವ್ಯತ್ಯಾಸ 6ನೇ ಭಾಗದಲ್ಲಿ ಮುಖ್ಯವಾಗುತ್ತದೆ.

2. ಹಂಚಿ

ಹಂಚಿಯ ಕಥೆ ಇಂಗ್ಲಿಷಿನಲ್ಲಿ ಬಂದದ್ದು ಅಲನ್ ಡಂಡಿಸ್ ಸಂಪಾದಿಸಿದ ಸಿಂಡರೆಲಾ ಕುರಿತ ಪ್ರಬಂಧ ಸಂಕಲನದಲ್ಲಿ. ಉಲ್ಲೇಖಗಳಲ್ಲಿ 1982, 1983, 1988 ಎಂಬ ಮೂರು ವರ್ಷಗಳು ಕಾಣುತ್ತವೆ. ಅವು ಒಂದೇ ಸಂಕಲನದ ಬೇರೆ ಬೇರೆ ಪ್ರಕಾಶಕರ ಮುದ್ರಣಗಳಿಗೆ ಸೇರಿದವು; ಕಥೆಯನ್ನು ಉಲ್ಲೇಖಿಸುವಾಗ 1982 ಎನ್ನುವುದು ಸೂಕ್ತ.

ಕಥೆಯ ಹುಡುಗಿಗೆ ಹೊನ್ನಿನ ಕೂದಲು. ಒಡಹುಟ್ಟಿದ ಅಣ್ಣನೇ ಅವಳನ್ನು ಬಯಸುತ್ತಾನೆ. ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡಿ ತೊಡಿಸಿ ಮನೆಯಿಂದ ಕಳಿಸಿಬಿಡುತ್ತಾಳೆ. ಹಂಚಿ ಎಂಬ ಹೆಸರು ಆ ಮುಖವಾಡದಿಂದ ಬಂದದ್ದು. ಸಾಹುಕಾರನ ಮನೆಯ ಅಡುಗೆ, ಕಿರಿಮಗನ ಕಣ್ಣಿಗೆ ಬೀಳುವುದು, ಮದುವೆ, ಆಮೇಲೆ ಗುರುಸ್ವಾಮಿಯ ಕಾಟ, ಇವೆಲ್ಲ ನಂತರದವು.

ವರ್ಗೀಕರಣದ ದೃಷ್ಟಿಯಿಂದ ಇದು ಆರ್ನೆ–ಥಾಂಪ್ಸನ್ ಸೂಚಿಯ 510ನೇ ಮಾದರಿಯದು. ಪೆರೋ 1697ರಲ್ಲಿ ಪ್ರಕಟಿಸಿದ ಸಿಂಡರೆಲಾಗಿಂತ ಅವನದೇ ‘ಕತ್ತೆಚರ್ಮ’ದ ಕಥೆಗೆ (1694) ಇದು ಹತ್ತಿರ. ಅಲ್ಲಿ ಮಗಳನ್ನು ಬಯಸುವವನು ತಂದೆ. ಆ ಫ್ರೆಂಚ್ ಕಥೆಯನ್ನು ಆಂಡ್ರೂ ಲ್ಯಾಂಗ್ 1900ರ ತಮ್ಮ ಸಂಕಲನದಲ್ಲಿ ಮಕ್ಕಳಿಗಾಗಿ ಮೆದುಗೊಳಿಸಿದರು. ಹಂಚಿಯನ್ನು ಎಳೆಯರಿಗೆ ಹೇಳುವವರೂ ಇದೇ ಕಡೆ ತಡವರಿಸುವುದು ಸಹಜ. ಅಣ್ಣನ ಬದಲು ‘ಯಾರೋ ಕೆಟ್ಟವನು’ ಎಂದರೆ ಕಥೆ ಓಡುತ್ತದೆ, ಆದರೆ ತಾಯಿ ಮಗಳನ್ನು ಮನೆಯಿಂದಲೇ ಏಕೆ ಕಳಿಸಿದಳು ಎಂಬುದಕ್ಕೆ ಕಾರಣ ಉಳಿಯುವುದಿಲ್ಲ. ಅಪಾಯ ಒಳಗಿನದಾದ್ದರಿಂದಲೇ ಮುಖವಾಡ ಬೇಕಾಯಿತು. ಈ ಒಂದು ಬದಲಾವಣೆ ತಾಯಿಯ ಪಾತ್ರವನ್ನು ಗಣನೀಯವಾಗಿ ಕುಗ್ಗಿಸುತ್ತದೆ ಎಂಬುದು ಟಿಪ್ಪಣಿಕಾರರ ಅಭಿಪ್ರಾಯ.

3. ಹೂಮರದ ಹುಡುಗಿ: ಕಾಲ ಮತ್ತು ಹೆಸರು

ಬಡ ಮುದುಕಿಯ ಇಬ್ಬರು ಹೆಣ್ಣುಮಕ್ಕಳಲ್ಲಿ ಕಿರಿಯವಳು ಹೂಮರವಾಗಬಲ್ಲಳು. ಉಗುರು ಸೋಂಕದ ಎರಡು ಕೊಡ ನೀರು ಬೇಕು. ಒಂದನ್ನು ಸುರಿದರೆ ಮರ, ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ನಡುವೆ ಎಲೆ, ರೆಂಬೆ ನೋಯದಂತೆ ಹೂ ಬಿಡಿಸಿಕೊಳ್ಳಬೇಕು.

ಕಾಲಾನುಕ್ರಮ ಹೀಗಿದೆ. ಈ ಕಥೆಯಿರುವ ರಾಮಾನುಜನ್ನರ ಭಾರತೀಯ ಜನಪದ ಕಥೆಗಳ ಇಂಗ್ಲಿಷ್ ಸಂಕಲನ 1991. ಇದೇ ಕಥೆಯ ಮೇಲೆ ಗಿರೀಶ ಕಾರ್ನಾಡರು ಮಾಡಿದ ಹಿಂದಿ ಚಿತ್ರ ‘ಚೆಲುವಿ’ 1992. ಪರಿಸರ ಸಂರಕ್ಷಣೆಯ ವಿಭಾಗದಲ್ಲಿ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಈ ಕಥೆಯ ಹೆಸರನ್ನೇ ಹೊತ್ತ, ಕನ್ನಡ ಕಥೆಗಳದೇ ಆದ ಸಂಕಲನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 1997ರಲ್ಲಿ, ರಾಮಾನುಜನ್ ತೀರಿಕೊಂಡ ನಾಲ್ಕು ವರ್ಷದ ಮೇಲೆ, ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಡಂಡಿಸ್ ಸಂಪಾದಕತ್ವದಲ್ಲಿ ಬಂತು. ಇದೇ ಕಥೆಯನ್ನಾಧರಿಸಿದ ಜಾನ್ ಆಡಮ್ಸರ ಒಪೆರಾ 2006ರ ನವೆಂಬರಿನಲ್ಲಿ ವಿಯೆನ್ನಾದಲ್ಲಿ ಮೊದಲ ಪ್ರಯೋಗ ಕಂಡಿತು. ಚಿತ್ರ 1997ರ ಪುಸ್ತಕವನ್ನು ಆಧರಿಸಿರಲಾರದು ಎಂಬುದಷ್ಟೇ ಖಚಿತ. 1991ರ ಮುದ್ರಿತ ಪಾಠ ಮತ್ತು ಕಾರ್ನಾಡ–ರಾಮಾನುಜನ್ ಇಬ್ಬರ ದೀರ್ಘ ಸ್ನೇಹದ ಮಾತುಕತೆ, ಇವುಗಳಲ್ಲಿ ಯಾವುದು ಆಧಾರವೆಂದು ಇಸವಿಗಳ ಬಲದಿಂದ ಮಾತ್ರ ತೀರ್ಮಾನಿಸುವುದು ಸರಿಯಲ್ಲ. ‘ನಾಗಮಂಡಲ’ದ (1988) ಕಥಾವಸ್ತು ತಮಗೆ ಬಂದದ್ದು ರಾಮಾನುಜನ್ ಅವರಿಂದ ಎಂದು ಕಾರ್ನಾಡರು ಹೇಳಿರುವುದರಿಂದ ಎರಡನೆಯ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಹೆಸರಿನ ವಿಷಯ. ಕಥೆಯಲ್ಲಿ ನಾಯಕಿಗೆ ಹೆಸರಿಲ್ಲ, ಅವಳು ಬರೀ ಕಿರಿಮಗಳು. ಚಿತ್ರದಲ್ಲಿ ಚೆಲುವಿ, ಒಪೆರಾದಲ್ಲಿ ಕುಮುದಾ. ಪರದೆಗೂ ರಂಗಕ್ಕೂ ಹೆಸರು ಅಗತ್ಯವಾಗಿರಬಹುದು. ಮನೆಯಲ್ಲಿ ಆಗುವುದು ಬೇರೆ: ಹೆಸರಿಲ್ಲದ ಕಿರಿಮಗಳ ಜಾಗದಲ್ಲಿ ಹೇಳುವವರು ಕೇಳುತ್ತಿರುವ ಮಗುವಿನ ಹೆಸರನ್ನೇ ಇಟ್ಟುಬಿಡುವುದುಂಟು. ಮುದ್ರಿತ ಪಾಠದ ಅನಾಮಿಕತೆಯನ್ನು ಕೊರತೆಯೆಂದು ತುಂಬಹೊರಡುವ ಸಂಪಾದಕರು ಈ ಅವಕಾಶವನ್ನು ಗಮನದಲ್ಲಿಡುವುದು ಒಳ್ಳೆಯದು.

4. ಕೊನೆಯ ಭಾಗದ ವ್ಯತ್ಯಾಸ

ಅರಸುಮಗನೊಡನೆ ನಾಯಕಿಯ ಮದುವೆಯಾದ ಮೇಲೆ ಅರಸನ ಕಿರಿಮಗಳು ಮತ್ತು ಗೆಳತಿಯರು ಮರದ ರೆಂಬೆ ಮುರಿಯುತ್ತಾರೆ, ನೀರನ್ನು ಅಡ್ಡಾದಿಡ್ಡಿ ಸುರಿಯುತ್ತಾರೆ. ನಾಯಕಿ ಕೈಕಾಲಿಲ್ಲದ ಅರೆದೇಹವಾಗಿ ಉಳಿಯುತ್ತಾಳೆ. ರಾಮಾನುಜನ್ ಪಾಠದಲ್ಲಿ ಗಂಡ ಮುರಿದ ರೆಂಬೆಗಳನ್ನು ಕೂಡಿಸಿ ನೀರು ಸುರಿದು ಅವಳನ್ನು ಮರಳಿ ಪಡೆಯುತ್ತಾನೆ. ತಪ್ಪಿತಸ್ಥ ರಾಜಕುಮಾರಿಗೆ ಸುಡುಸುಣ್ಣದ ಗುಂಡಿಯ ಶಿಕ್ಷೆಯಾಗುತ್ತದೆ. ಒಪೆರಾ ಮರುಮಿಲನಕ್ಕೆ ನಿಲ್ಲುತ್ತದೆ. ಚಿತ್ರ ಆ ಸುಖಾಂತ್ಯವನ್ನು ಹಾಗೇ ಇಡದೆ ಕಾಡು ಕಡಿಯುವ ಸಂಗತಿಯತ್ತ ಹೊರಳುತ್ತದೆ. ಮಲಗುವ ಹೊತ್ತಿನ ಓದಿನಲ್ಲಿ ಮೊದಲು ಬಿಟ್ಟುಹೋಗುವುದು ಸುಣ್ಣದ ಗುಂಡಿ ಎಂದು ಊಹಿಸಲು ಅಡ್ಡಿಯಿಲ್ಲ. ಅದನ್ನು ಬಿಟ್ಟರೆ ಕಥೆಯ ಮುಖ್ಯ ಎಳೆಗೆ ಅಂಥ ಧಕ್ಕೆಯಿಲ್ಲ. ಅರೆದೇಹದ ಭಾಗವನ್ನು ಬಿಟ್ಟರೆ ಮಾತ್ರ ರೆಂಬೆ ನೋಯಿಸಬಾರದು ಎಂಬ ಮೊದಲಿನ ಷರತ್ತು ನಿರರ್ಥಕವಾಗುತ್ತದೆ. ಎಲ್ಲ ಬಿಡುವಿಕೆಗಳ ತೂಕವೂ ಒಂದೇ ಅಲ್ಲ.

ಮದುವೆ ಕಥೆಯ ಕೊನೆಗೆ ಬರದೆ ಮುಂಚೆಯೇ ಬಂದು, ಸಂಕಟ ಅಲ್ಲಿಂದ ಮುಂದಕ್ಕೆ ಬೆಳೆಯುವುದು ಹೆಣ್ಣುಮಕ್ಕಳು ಹೇಳುವ ಕಥೆಗಳ ಲಕ್ಷಣವೆಂದು ರಾಮಾನುಜನ್ 1991ರ ಒಂದು ಪ್ರಬಂಧದಲ್ಲಿ ವಾದಿಸಿದ್ದಾರೆ. ಹಂಚಿಗೂ ಹೂಮರದ ಹುಡುಗಿಗೂ ಇದು ಹೊಂದುತ್ತದೆ. ಮದುವೆಗೇ ಕಥೆ ನಿಲ್ಲಿಸುವ ಮಕ್ಕಳ ಆವೃತ್ತಿ ಸುಮಾರು ಅರ್ಧ ಕಥೆಯನ್ನು ಕಳೆದುಕೊಳ್ಳುತ್ತದೆ.

5. ಎರಡು ಹೋಲಿಕೆಗಳು

ನಾ. ಕಸ್ತೂರಿಯವರು (1897–1987) ಲೂಯಿಸ್ ಕ್ಯಾರಲ್‌ನ ಆಲಿಸ್ ಕಥೆಯನ್ನು (1865) ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಕನ್ನಡಕ್ಕೆ ಒಗ್ಗಿಸಿದರು. ನಾಯಕಿಯ ಹೆಸರನ್ನು ಮನೆಮಾತಿಗೆ ತಂದ ಸ್ಪಷ್ಟ ನಿದರ್ಶನವಿದು.

ತೆತ್ಸುಕೊ ಕುರೊಯಾನಗಿಯವರ ‘ತೊತ್ತೊ–ಚಾನ್’ (ಜಪಾನಿ ಮೂಲ, 1981) ಕನ್ನಡದಲ್ಲೂ ಲಭ್ಯ. ಪುಟ್ಟ ತೊತ್ತೊಚಾನಳನ್ನು ಮೊದಲ ಶಾಲೆಯಿಂದ ಹೊರಹಾಕುತ್ತಾರೆ. ತಾಯಿ ಈ ಸಂಗತಿಯನ್ನು ಮಗಳು ಬೆಳೆದು ದೊಡ್ಡವಳಾಗುವವರೆಗೂ ಹೇಳುವುದಿಲ್ಲ, ಬೇರೆ ಶಾಲೆಗೆ ಹೋಗೋಣವೇ ಎಂದಷ್ಟೇ ಕೇಳುತ್ತಾಳೆ. ಜನಪದ ಕಥೆಯನ್ನೂ ಆತ್ಮಕಥನವನ್ನೂ ಒಂದೇ ಸಾಲಿನಲ್ಲಿಡುವುದಕ್ಕೆ ಆಕ್ಷೇಪವಿರಬಹುದು. ಆದರೂ ಹಂಚಿಯ ತಾಯಿ ಮಗಳ ಮುಖವನ್ನು ಜಗತ್ತಿನಿಂದ ಮರೆಮಾಡುತ್ತಾಳೆ, ತೊತ್ತೊಚಾನಳ ತಾಯಿ ಜಗತ್ತಿನ ತೀರ್ಪನ್ನು ಮಗಳಿಂದ ಮರೆಮಾಡುತ್ತಾಳೆ ಎಂಬ ಸಾಮ್ಯ ಗಮನಾರ್ಹ. ಓದಿಹೇಳುವಾಗ ಸಾಲು ದಾಟಿಸುವ ಪೋಷಕರು ಮಾಡುವುದೂ ಬಹುಮಟ್ಟಿಗೆ ಇದನ್ನೇ. ಒಂದು ವ್ಯತ್ಯಾಸವುಂಟು: ತೊತ್ತೊಚಾನಳ ತಾಯಿ ಕೊನೆಗೆ ಹೇಳಿದಳು.

6. ಸಂಕಮ್ಮ

ಮಲೆಯ ಮಾದೇಶ್ವರ ಕಾವ್ಯದ ಮುದ್ರಿತ ಪಾಠಗಳಲ್ಲಿ ಪಿ. ಕೆ. ರಾಜಶೇಖರ ಅವರದು 1973ರದು, ಕೇಶವನ್ ಪ್ರಸಾದ್ ಅವರದು ಹಂಪಿ ಕನ್ನಡ ವಿಶ್ವವಿದ್ಯಾಲಯದ 1997ರ ಪ್ರಕಟಣೆ. ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ ಅವರ ಇಂಗ್ಲಿಷ್ ಅನುವಾದ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಬಂತು.

ಈ ಕಾವ್ಯದ ಸಂಕಮ್ಮ ಸೋಲಿಗರ ನೀಲಯ್ಯನ ಹೆಂಡತಿ. ನೀಲೇಗೌಡ ಎಂಬ ರೂಪವೂ ಬಳಕೆಯಲ್ಲಿದೆ. ಜೇನಿಗೆ ಕಾಡಿಗೆ ಹೊರಟ ಗಂಡ ಶೀಲದ ಬಗ್ಗೆ ಭಾಷೆ ಕೊಡೆನ್ನುತ್ತಾನೆ, ಅವಳು ಒಪ್ಪುವುದಿಲ್ಲ, ಹಿಂಸೆ ಅನುಭವಿಸುತ್ತಾಳೆ. ಮಾದೇಶ್ವರನ ವರದಿಂದ ಕಾರಯ್ಯ, ಬಿಲ್ಲಯ್ಯರೆಂಬ ಮಕ್ಕಳಾಗುತ್ತಾರೆ. ಹಂಚಿ, ಹೂಮರದ ಹುಡುಗಿಯರಿಗೆ ಹೋಲಿಸಿದರೆ ಇವಳಿಗೆ ಖಚಿತ ಹೆಸರಿದೆ, ಊರುಕಾಡಿನ ಗುರುತಿದೆ, ಬೇಡವೆನ್ನುವ ಮಾತೂ ಇದೆ.

ಹಾಡುವವರು ಈ ಸಾಲನ್ನು, ಅಂದರೆ ಕಾವ್ಯದ ಈ ಭಾಗವನ್ನು, ಮಕ್ಕಳಿಗೆಂದು ಪ್ರತ್ಯೇಕವಾಗಿ ಹಾಡುವುದಿಲ್ಲ. ಮಡಿಲಲ್ಲಿ ಕುಳಿತ ಮಗುವೂ ದೊಡ್ಡವರು ಕೇಳುವ ಪಾಠವನ್ನೇ ಕೇಳುತ್ತದೆ, ನಿದ್ದೆ ಬಂದಲ್ಲಿ ಬಿಡುತ್ತದೆ. ಅಂದರೆ ಅಲ್ಲಿ ಬಿಡುವಿಕೆಯನ್ನು ನಿರ್ಧರಿಸುವುದು ಮಗುವಿನ ನಿದ್ದೆ, ಪುಸ್ತಕದ ಓದಿನಲ್ಲಿ ತಾಯಿತಂದೆಯರ ಅಕ್ಕರೆ. ಮಕ್ಕಳಿಗಾಗಿ ಸಂಕಮ್ಮನ ಕಥೆಯನ್ನು ಗದ್ಯಕ್ಕೆ ತರುವವರು ಭಾಷೆಯ ಪ್ರಸಂಗವನ್ನು ಇಟ್ಟುಕೊಂಡರೋ ಬಿಟ್ಟರೋ, ಬಿಟ್ಟಿದ್ದರೆ ಎಲ್ಲಿಂದ ಎಲ್ಲಿಯವರೆಗೆ, ಯಾವ ಮುದ್ರಿತ ಪಾಠಕ್ಕೆ ಹೋಲಿಸಿ ಎಂಬುದನ್ನು ಮುನ್ನುಡಿಯಲ್ಲಿ ಎರಡು ಸಾಲಿನಲ್ಲಿ ನಮೂದಿಸುವುದು ಅಪೇಕ್ಷಣೀಯ.