ಪರಸ್ಪರ ಐವಿಎಫ್

ಪರಸ್ಪರ ಐವಿಎಫ್ ಎಂಬುದು ಜೊತೆಯಾಗಿ ಬಾಳುತ್ತಿರುವ ಇಬ್ಬರು ಮಹಿಳೆಯರಲ್ಲಿ ಒಬ್ಬರ ಅಂಡಾಣುವಿನಿಂದ ರೂಪುಗೊಂಡ ಭ್ರೂಣವನ್ನು ಮತ್ತೊಬ್ಬರ ಗರ್ಭಕೋಶದಲ್ಲಿ ಬೆಳೆಸುವ ಸಂತಾನ ಚಿಕಿತ್ಸಾ ವಿಧಾನವಾಗಿದೆ. ಇದರಲ್ಲಿ ವೀರ್ಯಾಣು ದಾನಿಯೊಬ್ಬರಿಂದ ಬರುತ್ತದೆ. ಹುಟ್ಟುವ ಮಗುವಿಗೆ ಒಬ್ಬ ತಾಯಿಯೊಂದಿಗೆ ವಂಶವಾಹಿಯ ಸಂಬಂಧವೂ, ಇನ್ನೊಬ್ಬ ತಾಯಿಯೊಂದಿಗೆ ಗರ್ಭದ ಸಂಬಂಧವೂ ಇರುತ್ತದೆ. ಸ್ಪೇನ್ ದೇಶದಲ್ಲಿ ಈ ವಿಧಾನವು 'ರೋಪಾ' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಸಂಗಾತಿಯ ಅಂಡಾಣುವನ್ನು ಸ್ವೀಕರಿಸುವುದು ಎಂಬುದು ಆ ಸ್ಪ್ಯಾನಿಷ್ ಸಂಕ್ಷೇಪದ ಅರ್ಥ.

ಹಿನ್ನೆಲೆ

ಲೂಯಿಸ್ ಬ್ರೌನ್ ಎಂಬ ಮೊದಲ ಪ್ರನಾಳ ಶಿಶು 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಜನಿಸಿತು. ಆ ತಂತ್ರವು ಫಲೀಕರಣವನ್ನು ದೇಹದ ಹೊರಗೆ ತಂದಿತು. ಅಂಡಾಣು ಕೊಟ್ಟವಳೇ ಗರ್ಭ ಹೊರಬೇಕೆಂಬ ನಿಸರ್ಗದ ಕಟ್ಟು ಇದರಿಂದ ಸಡಿಲವಾಯಿತು. ಅಂಡಾಣು ದಾನವೂ ಬಾಡಿಗೆ ತಾಯ್ತನವೂ ಇದೇ ಬದಲಾವಣೆಯ ಫಲಗಳು. ಪರಸ್ಪರ ಐವಿಎಫ್‌ಗೆ ಬಳಕೆಯಾಗುವ ತಂತ್ರ ಅಂಡಾಣು ದಾನದ್ದೇ ಆಗಿದೆ. ಕೊಡುವವರು ಅಪರಿಚಿತ ದಾನಿಯಲ್ಲ, ಮಗುವನ್ನು ಸಾಕಲಿರುವ ಸಂಗಾತಿ ಎಂಬುದಷ್ಟೇ ವ್ಯತ್ಯಾಸ. ವೈದ್ಯರಿಗೆ ಚಿಕ್ಕದಾಗಿ ಕಾಣುವ ಈ ವ್ಯತ್ಯಾಸವೇ ಕಾನೂನಿನಲ್ಲಿ ದೊಡ್ಡ ತೊಡಕಾಯಿತು.

ಮಹಿಳಾ ದಂಪತಿಗಳು ಸಾಮಾನ್ಯವಾಗಿ ಮೊದಲು ಪ್ರಯತ್ನಿಸುವುದು ದಾನಿಯ ವೀರ್ಯಾಣುವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ಐಯುಐ ಚಿಕಿತ್ಸೆಯನ್ನು. ಅದು ಸರಳ, ವೆಚ್ಚವೂ ಕಡಿಮೆ. ಐಯುಐ ಹಲವು ಬಾರಿ ವಿಫಲವಾದಾಗ, ಗರ್ಭ ಹೊರಲು ಬಯಸುವವರ ಅಂಡಾಣುಗಳು ವಯಸ್ಸಿನಿಂದ ಕ್ಷೀಣಿಸಿದಾಗ, ಅಥವಾ ಮಗುವಿನ ಹುಟ್ಟಿನಲ್ಲಿ ಇಬ್ಬರಿಗೂ ದೇಹದ ಪಾಲಿರಲಿ ಎಂಬ ಬಯಕೆಯಿಂದ ಪರಸ್ಪರ ಐವಿಎಫ್‌ನತ್ತ ತಿರುಗುವುದುಂಟು.

ವಿಧಾನ

ಅಂಡಾಣು ನೀಡುವವರಿಗೆ ಸುಮಾರು 10ರಿಂದ 12 ದಿನಗಳವರೆಗೆ ಪ್ರತಿದಿನ ಹಾರ್ಮೋನ್ ಚುಚ್ಚುಮದ್ದು ಕೊಡಲಾಗುತ್ತದೆ. ಸಹಜ ಋತುಚಕ್ರದಲ್ಲಿ ಸಾಮಾನ್ಯವಾಗಿ ಒಂದೇ ಅಂಡಾಣು ಪಕ್ವವಾದರೆ, ಈ ಪ್ರಚೋದನೆಯಿಂದ ಹಲವು ಒಟ್ಟಿಗೆ ಪಕ್ವವಾಗುತ್ತವೆ. ಅವುಗಳ ಬೆಳವಣಿಗೆಯನ್ನು ಅಲ್ಟ್ರಾಸೌಂಡ್ ಮೂಲಕ ಗಮನಿಸಿ, ಕೊನೆಯ ಚುಚ್ಚುಮದ್ದು ನೀಡಿದ 34ರಿಂದ 36 ಗಂಟೆಗಳ ನಂತರ ಸೂಜಿಯ ಮೂಲಕ ಅಂಡಾಣುಗಳನ್ನು ಹೊರತೆಗೆಯುತ್ತಾರೆ. ಪ್ರಯೋಗಾಲಯದಲ್ಲಿ ದಾನಿಯ ವೀರ್ಯಾಣುವಿನೊಂದಿಗೆ ಫಲೀಕರಣ ನಡೆದ ಮೇಲೆ ಭ್ರೂಣವನ್ನು ಹೆಚ್ಚಾಗಿ ಐದನೆಯ ದಿನದವರೆಗೆ ಬೆಳೆಸಲಾಗುತ್ತದೆ.

ಗರ್ಭ ಹೊರುವವರ ಗರ್ಭಕೋಶದ ಒಳಪದರವನ್ನು ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳಿಂದ ಸಿದ್ಧಗೊಳಿಸಲಾಗುತ್ತದೆ. ಇಬ್ಬರ ಋತುಚಕ್ರಗಳನ್ನು ಹೊಂದಿಸಿ ಭ್ರೂಣವನ್ನು ಕೂಡಲೇ ವರ್ಗಾಯಿಸಬಹುದು, ಇಲ್ಲವೇ ಶೀತಲೀಕರಿಸಿಟ್ಟು ಅನುಕೂಲವಾದಾಗ ಬಳಸಬಹುದು. ವರ್ಗಾವಣೆಯಾದ ಸುಮಾರು ಎರಡು ವಾರಗಳ ನಂತರ ರಕ್ತಪರೀಕ್ಷೆಯಿಂದ ಗರ್ಭ ನಿಂತಿರುವುದು ತಿಳಿಯುತ್ತದೆ. ಈ ಎರಡು ವಾರಗಳ ಕಾಯುವಿಕೆಯೇ ಚಿಕಿತ್ಸೆಯ ಅತ್ಯಂತ ಕಠಿಣ ಘಟ್ಟವೆಂದು ದಂಪತಿಗಳು ಹೇಳುವುದುಂಟು.

ಯಶಸ್ಸಿನ ಸಾಧ್ಯತೆಯು ಮುಖ್ಯವಾಗಿ ಅಂಡಾಣು ನೀಡಿದವರ ವಯಸ್ಸನ್ನು ಅವಲಂಬಿಸಿದೆ. ಆದ್ದರಿಂದ ಯಾರು ಅಂಡಾಣು ನೀಡಬೇಕು, ಯಾರು ಗರ್ಭ ಹೊರಬೇಕು ಎಂಬುದು ಭಾವನೆಯ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ. ಅಂಡಾಶಯದ ಅತಿಪ್ರಚೋದನೆ ಅಂಡಾಣು ನೀಡುವವರಿಗಿರುವ ಪ್ರಮುಖ ಅಪಾಯ. ತನ್ನದಲ್ಲದ ಅಂಡಾಣುವಿನಿಂದ ಗರ್ಭ ಧರಿಸಿದವರಲ್ಲಿ ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ ತೊಂದರೆ ಹೆಚ್ಚಾಗಿ ಕಂಡುಬರುತ್ತದೆ. ಗರ್ಭ ಹೊತ್ತವರ ವಂಶವಾಹಿಯೂ ಮಗುವಿಗೆ ಹರಿಯುತ್ತದೆ ಎಂಬ ಜನಪ್ರಿಯ ಮಾತು ಸರಿಯಲ್ಲ. ಗರ್ಭದ ಪರಿಸರ ಮಗುವಿನ ಬೆಳವಣಿಗೆಯ ಮೇಲೆ ಪ್ರಭಾವ ಬೀರಬಲ್ಲದು, ಆದರೆ ಮಗು ವಂಶವಾಹಿಗಳನ್ನು ಪಡೆಯುವುದು ಅಂಡಾಣು ಮತ್ತು ವೀರ್ಯಾಣುಗಳಿಂದ ಮಾತ್ರ.

ತಾಯ್ತನದ ವ್ಯಾಜ್ಯಗಳು

ಈ ವಿಧಾನದಲ್ಲಿ ಜನಿಸಿದ ಮಗುವಿನ ತಾಯಿ ಯಾರು ಎಂಬ ಪ್ರಶ್ನೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗಂಭೀರವಾಗಿ ಎದ್ದಿತು. ನ್ಯಾಯಾಲಯದ ದಾಖಲೆಗಳಲ್ಲಿ ಕೆ. ಎಂ. ಮತ್ತು ಇ. ಜಿ. ಎಂದು ಗುರುತಿಸಲಾದ ಇಬ್ಬರು ಸಂಗಾತಿಗಳಲ್ಲಿ ಇ. ಜಿ. ಅವರ ಗರ್ಭಧಾರಣೆಯ ಪ್ರಯತ್ನಗಳು ಫಲಿಸಲಿಲ್ಲ. ಆಗ ಕೆ. ಎಂ. ತಮ್ಮ ಅಂಡಾಣುಗಳನ್ನು ನೀಡಿದರು. 1995ರಲ್ಲಿ ಇ. ಜಿ. ಅವಳಿ ಹೆಣ್ಣುಮಕ್ಕಳಿಗೆ ಜನ್ಮವಿತ್ತರು. ಮಕ್ಕಳು ಇಬ್ಬರ ಮನೆಯಲ್ಲೇ ಬೆಳೆದರು. 2001ರಲ್ಲಿ ಸಂಬಂಧ ಮುರಿದಾಗ ಇ. ಜಿ. ತಾವೊಬ್ಬರೇ ತಾಯಿ ಎಂದರು. ಅದಕ್ಕೆ ಆಧಾರವಾಗಿದ್ದುದು ಚಿಕಿತ್ಸೆಯ ಸಂದರ್ಭದಲ್ಲಿ ಕೆ. ಎಂ. ಸಹಿ ಮಾಡಿದ್ದ, ಮಕ್ಕಳ ಮೇಲಿನ ಹಕ್ಕನ್ನು ಬಿಟ್ಟುಕೊಡುವ ದಾನಿಯ ಒಪ್ಪಿಗೆಪತ್ರ. ಅಂತಹ ಪತ್ರವು ಅಪರಿಚಿತ ದಾನಿಗಳಿಗೆ ಹೊಂದುವಂಥದ್ದು. ಒಂದೇ ಸೂರಿನಡಿ ಬಾಳುವ ಸಂಗಾತಿಗೆ ಅದು ಎಷ್ಟು ಸಲ್ಲುತ್ತದೆ ಎಂಬುದೇ ವ್ಯಾಜ್ಯದ ತಿರುಳಾಯಿತು.

ಕೆಳಗಿನ ನ್ಯಾಯಾಲಯಗಳು ಕೆ. ಎಂ. ಅವರನ್ನು ವೀರ್ಯದಾನಿಗೆ ಸಮನಾಗಿ ಕಂಡು ಅವರ ಹಕ್ಕನ್ನು ನಿರಾಕರಿಸಿದವು. 2005ರ ಆಗಸ್ಟ್ 22ರಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ತಮ್ಮಿಬ್ಬರ ಮನೆಯಲ್ಲಿ ಬೆಳೆಯಲಿರುವ ಮಕ್ಕಳಿಗಾಗಿ ಸಂಗಾತಿಗೆ ಅಂಡಾಣು ನೀಡಿದವರು ಕೇವಲ ದಾನಿಯಲ್ಲ, ಮಕ್ಕಳಿಗೆ ಇಬ್ಬರೂ ಪೋಷಕರೇ ಎಂದು ಅದು ಸಾರಿತು. ಫ್ಲಾರಿಡಾದಲ್ಲಿಯೂ ಇಂತಹುದೇ ಪ್ರಕರಣದಲ್ಲಿ ಮಗುವಿನಿಂದ ದೂರವಿಡಲ್ಪಟ್ಟಿದ್ದ ಅಂಡಾಣು ನೀಡಿದ ತಾಯಿಯ ಹಕ್ಕನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಎತ್ತಿಹಿಡಿಯಿತು.

ವಿವಿಧ ದೇಶಗಳಲ್ಲಿ

ಬ್ರಿಟನ್ನಿನ ಕಾನೂನಿನಲ್ಲಿ ಗರ್ಭ ಹೊತ್ತವರೇ ತಾಯಿ. ಅಂಡಾಣು ಯಾರದೆಂಬುದು ಮುಖ್ಯವಲ್ಲ. ಆದರೆ 2008ರ ಕಾಯಿದೆಯ ಪ್ರಕಾರ ನಾಗರಿಕ ಸಹಭಾಗಿತ್ವದಲ್ಲಿರುವ ಸಂಗಾತಿಯು, ಒಪ್ಪಿಗೆ ಇಲ್ಲದಿದ್ದ ಹೊರತು, ಎರಡನೆಯ ಪೋಷಕರಾಗುತ್ತಾರೆ. ಚಿಕಿತ್ಸೆ ನೀಡುವ ಮುನ್ನ 'ಮಗುವಿಗೆ ತಂದೆಯ ಅಗತ್ಯ'ವನ್ನು ಪರಿಗಣಿಸಬೇಕೆಂಬ ಹಳೆಯ ನಿಯಮವನ್ನೂ ಅದೇ ಕಾಯಿದೆ ತೆಗೆದುಹಾಕಿತು. ಸ್ಪೇನ್ ದೇಶದಲ್ಲಿ ಅಂಡಾಣು ದಾನವು ಅನಾಮಧೇಯವಾಗಿರಬೇಕೆಂಬ ನಿಯಮವಿದ್ದರೂ ವಿವಾಹಿತ ಮಹಿಳೆಯರ ನಡುವೆ ರೋಪಾ ನಡೆಯುತ್ತದೆ. ಫ್ರಾನ್ಸ್ 2021ರ ಆಗಸ್ಟ್‌ನಲ್ಲಿ ಮಹಿಳಾ ದಂಪತಿಗಳಿಗೂ ಒಂಟಿ ಮಹಿಳೆಯರಿಗೂ ಸಂತಾನ ಚಿಕಿತ್ಸೆಯನ್ನು ತೆರೆಯಿತಾದರೂ ಪರಸ್ಪರ ಐವಿಎಫ್‌ಗೆ ಅನುಮತಿ ಕೊಡಲಿಲ್ಲ. ಇಟಲಿಯ 2004ರ ಕಾನೂನು ಈ ಚಿಕಿತ್ಸೆಗಳನ್ನು ಗಂಡು-ಹೆಣ್ಣಿನ ಜೋಡಿಗಳಿಗೆ ಸೀಮಿತಗೊಳಿಸಿದೆ. ಆದರೆ ವಿದೇಶದಲ್ಲಿ ಚಿಕಿತ್ಸೆ ಪಡೆದು ಇಟಲಿಯಲ್ಲಿ ಹೆತ್ತಾಗ ಹುಟ್ಟಿನಿಂದಲೇ ಇಬ್ಬರೂ ಮಹಿಳೆಯರನ್ನು ಪೋಷಕರೆಂದು ದಾಖಲಿಸಬೇಕೆಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ತೀರ್ಪಿತ್ತಿತು.

ಭಾರತದಲ್ಲಿ

ಭಾರತದ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರತಂದಿತಾದರೂ, ಸುಪ್ರಿಯೋ ಪ್ರಕರಣದಲ್ಲಿ 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲಿಲ್ಲ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆಯು ಚಿಕಿತ್ಸೆ ಬಯಸುವ ದಂಪತಿ ಎಂದರೆ ಸಂತಾನಹೀನ ವಿವಾಹಿತ ದಂಪತಿ ಎಂದು ವಿವರಿಸುತ್ತದೆ. ಅದೇ ಕಾಯಿದೆಯಡಿ 21 ವರ್ಷ ಮೀರಿದ, 50 ವರ್ಷ ತುಂಬದ ಮಹಿಳೆಯು ಒಂಟಿಯಾಗಿಯೂ ಚಿಕಿತ್ಸೆ ಪಡೆಯಬಹುದು. ಹಾಗಾಗಿ ಜೋಡಿಯಾಗಿ ಬಾಳುವ ಇಬ್ಬರಲ್ಲಿ ಒಬ್ಬರು ಒಂಟಿ ಮಹಿಳೆಯೆಂದು ನೋಂದಾಯಿಸಿಕೊಂಡು ದಾನಿಯ ವೀರ್ಯಾಣುವಿನಿಂದ ಗರ್ಭ ಧರಿಸಲು ದಾರಿಯಿದೆ. ಪರಸ್ಪರ ಐವಿಎಫ್‌ಗೆ ಅಂತಹ ದಾರಿ ಕಾಣುವುದಿಲ್ಲ: ಕಾಯಿದೆಯ ಪ್ರಕಾರ ದಾನದ ಅಂಡಾಣು ನೋಂದಾಯಿತ ಬ್ಯಾಂಕಿನ ಮೂಲಕ ಬರಬೇಕು, ದಾನಿಯ ವಯಸ್ಸು 23ರಿಂದ 35ರ ಒಳಗಿರಬೇಕು, ಆಕೆ ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು ಮತ್ತು ಏಳಕ್ಕಿಂತ ಹೆಚ್ಚು ಅಂಡಾಣುಗಳನ್ನು ತೆಗೆಯುವಂತಿಲ್ಲ. ಸಂಗಾತಿಗಾಗಿ ಅಂಡಾಣು ನೀಡುವವರು ಎಂಬ ವರ್ಗ ಈ ಕಾಯಿದೆಯಲ್ಲಿ ಇಲ್ಲ. ಜಂಟಿಯಾಗಿ ದತ್ತು ಪಡೆಯಲು ಎರಡು ವರ್ಷಗಳ ಸ್ಥಿರ ವೈವಾಹಿಕ ಸಂಬಂಧವಿರಬೇಕೆಂಬ ನಿಯಮವನ್ನೂ ಸುಪ್ರಿಯೋ ಪ್ರಕರಣದ ಬಹುಮತದ ತೀರ್ಪು ಉಳಿಸಿಕೊಂಡಿದ್ದರಿಂದ, ಹೆತ್ತವರ ಸಂಗಾತಿಗೆ ದತ್ತಕದ ಮೂಲಕವೂ ಆ ಮಗುವಿನ ಪೋಷಕರೆಂದು ದಾಖಲಾಗುವ ಅವಕಾಶ ದೊರೆತಿಲ್ಲ.