ಗರ್ಭಿಣಿಯರೂ ಇನ್‌ಫ್ಲುಯೆಂಜಾ ಲಸಿಕೆಯೂ: ಒಂದು ಐತಿಹಾಸಿಕ ಸಮೀಕ್ಷೆ

1

ಇನ್‌ಫ್ಲುಯೆಂಜಾ ಜ್ವರವು 1918ರ ಜೂನ್ ತಿಂಗಳಲ್ಲಿ ಬಂದರಿನ ಮಾರ್ಗವಾಗಿ ಮುಂಬಯಿಯನ್ನು ಪ್ರವೇಶಿಸಿತು. ಕೆಲಕಾಲ ಅಡಗಿದಂತೆ ತೋರಿ, ಸೆಪ್ಟೆಂಬರಿನಲ್ಲಿ ಹಿಂದಿಗಿಂತಲೂ ಉಗ್ರವಾಗಿ ತಲೆಯೆತ್ತಿ, ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳನ್ನೊಳಗೊಂಡ ಅಂದಿನ ಮುಂಬಯಿ ಪ್ರಾಂತವನ್ನೆಲ್ಲ ಆವರಿಸಿತು. ಪ್ರಾಂತದಲ್ಲಿ ಮಡಿದವರು ಸುಮಾರು 10 ಲಕ್ಷ. ಭಾರತದಲ್ಲೆಲ್ಲ ಸೇರಿ ಈ ಸಂಖ್ಯೆ ಒಂದು ಕೋಟಿಯನ್ನು ಮೀರಿತೆಂದು ಜನಸಂಖ್ಯಾಶಾಸ್ತ್ರಜ್ಞರು ಗಣಿಸಿದ್ದಾರೆ. ಈ ಮಹಾಮಾರಿಯ ಕಥೆ ವಿಸ್ತಾರವಾದುದು. ಅದರ ಒಂದು ಅಂಶ ಮಾತ್ರ ಪ್ರಸ್ತುತ ಲೇಖನದ ವಿಷಯ.

ಸಾಧಾರಣವಾಗಿ ಈ ಜ್ವರಕ್ಕೆ ಬಲಿಯಾಗುವವರು ವೃದ್ಧರು ಮತ್ತು ಎಳೆಗೂಸುಗಳು. 1918ರಲ್ಲಾದರೋ 20ರಿಂದ 40 ವರ್ಷದೊಳಗಿನವರೇ ಹೆಚ್ಚಾಗಿ ಸತ್ತರು. ನಮ್ಮ ದೇಶದಲ್ಲಿ ಸ್ತ್ರೀಯರ ಮರಣಪ್ರಮಾಣವು ಪುರುಷರದನ್ನು ಮೀರಿತು. ಮರುವರ್ಷ ಜನನಗಳ ಸಂಖ್ಯೆ ಕುಸಿಯಿತು. ಅಮೆರಿಕದಲ್ಲಿ ಹ್ಯಾರಿಸ್ ಎಂಬ ವೈದ್ಯರು ಜ್ವರಪೀಡಿತರಾದ 1,350 ಮಂದಿ ಗರ್ಭಿಣಿಯರ ವೃತ್ತಾಂತಗಳನ್ನು ಸಂಗ್ರಹಿಸಿ 1919ರಲ್ಲಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 27 ಮಂದಿ ತೀರಿಕೊಂಡಿದ್ದರು. ನ್ಯೂಮೋನಿಯಕ್ಕೆ ತುತ್ತಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯಲಿಲ್ಲ.

ಇದರಿಂದ ಎರಡು ಪ್ರಶ್ನೆಗಳು ಹುಟ್ಟಿದುವು. ಗರ್ಭಿಣಿಯ ದೇಹವು ಈ ರೋಗದ ಮುಂದೆ ಇಷ್ಟು ಸೋಲುವುದೇಕೆ? ಲಸಿಕೆಯನ್ನು ಕೊಟ್ಟರೆ ಆ ದೇಹವು ಅದಕ್ಕೆ ಸರಿಯಾಗಿ ಓಗೊಡುವುದೇ? ಎರಡನೆಯ ಪ್ರಶ್ನೆಗೆ ನಿಶ್ಚಿತವಾದ ಉತ್ತರ ದೊರೆಯಲು ಸುಮಾರು 90 ವರ್ಷಗಳು ಹಿಡಿದುವು. ಈ ವಿಳಂಬಕ್ಕೆ ಕಾರಣ ತಾಯಿಯ ದೇಹವಲ್ಲ, ಅದನ್ನು ಅಳೆದು ನೋಡಲು ಶಾಸ್ತ್ರಜ್ಞರು ತೋರಿದ ಹಿಂಜರಿಕೆ ಎಂಬುದೇ ಈ ಸಮೀಕ್ಷೆಯಿಂದ ಹೊರಡುವ ನಿರ್ಣಯ.

2

ತಾಯಿಯ ರೋಗನಿರೋಧಕ ಶಕ್ತಿಯು ಮಗುವಿಗೆ ಸಲ್ಲುವುದೆಂಬ ತತ್ತ್ವವು 1892ರಷ್ಟು ಹಿಂದೆಯೇ ತಿಳಿದಿತ್ತು. ಜರ್ಮನಿಯ ಪಾಲ್ ಎರ್ಲಿಕ್ ಇದನ್ನು ಇಲಿಗಳ ಮೇಲೆ ಪರೀಕ್ಷಿಸಿದನು. ಅವನು ಬಳಸಿದ ವಿಷಗಳು ಎರಡು: ಒಂದು ನಮ್ಮ ಹರಳುಬೀಜದ್ದು, ಮತ್ತೊಂದು ನಮ್ಮ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಗುಲಗಂಜಿಯದು. ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ವಿಷವನ್ನು ಕ್ರಮಕ್ರಮವಾಗಿ ಹೆಚ್ಚಿಸುತ್ತ ಹೋದಾಗ ಇಲಿಗಳು ಅದನ್ನು ತಾಳಿಕೊಳ್ಳುವಂತಾದುವು. ಹೀಗೆ ಪಳಗಿದ ತಾಯಿಯ ಮರಿಗಳು ಕೆಲಕಾಲ ವಿಷವನ್ನು ತಡೆದುಕೊಂಡುವು. ಪಳಗಿದ ತಂದೆಯ ಮರಿಗಳಿಗೆ ಆ ಶಕ್ತಿ ಬರಲಿಲ್ಲ. ಬೇರೆ ತಾಯಿಯ ಮರಿಗಳನ್ನು ಪಳಗಿದ ತಾಯಿಯ ಮೊಲೆಗೆ ಬಿಟ್ಟಾಗ ಅವುಗಳಿಗೂ ರಕ್ಷಣೆ ದೊರೆಯಿತು. ಆದುದರಿಂದ ಇದು ಬೀಜಗುಣವಲ್ಲ, ತಾಯಿಯ ರಕ್ತ ಮತ್ತು ಹಾಲುಗಳ ಮೂಲಕ ಮರಿಗೆ ಹರಿದುಬರುವ ಎರವಲು ರಕ್ಷಣೆ ಎಂದು ಎರ್ಲಿಕ್ ತೋರಿಸಿದನು.

ಅದೇ 1892ರಲ್ಲಿ ಫೈಫರನು ಇನ್‌ಫ್ಲುಯೆಂಜಾಕ್ಕೆ ಒಂದು ಬ್ಯಾಕ್ಟೀರಿಯವೇ ಕಾರಣವೆಂದು ಸಾರಿದನು. ಇದು ತಪ್ಪು ನಿರ್ಣಯ. ಇದನ್ನು ನಂಬಿ 1918ರಲ್ಲಿ ತಯಾರಿಸಿದ ಲಸಿಕೆಗಳಿಂದ ಮೂಲರೋಗಕ್ಕೆ ತಡೆಯಾಗುವ ಸಂಭವವೇ ಇರಲಿಲ್ಲ. ರೋಗಕಾರಕವಾದ ವೈರಸ್ಸನ್ನು ಸ್ಮಿತ್, ಆಂಡ್ರೂಸ್, ಲೇಡ್‌ಲಾ ಎಂಬ ಮೂವರು 1933ರಲ್ಲಿ ಲಂಡನ್ನಿನಲ್ಲಿ ಬೇರ್ಪಡಿಸಿದರು. ಕೋಳಿಮೊಟ್ಟೆಯಲ್ಲಿ ಬೆಳೆಸಿ ನಿಷ್ಕ್ರಿಯಗೊಳಿಸಿದ ವೈರಸ್ಸಿನ ಲಸಿಕೆ ಅಮೆರಿಕದ ಸಾರ್ವಜನಿಕರಿಗೆ 1945ರಲ್ಲಿ ದೊರೆಯಿತು.

ಇದಕ್ಕೂ ಮುಂಚೆ, 1941ರಲ್ಲಿ, ಜಾರ್ಜ್ ಹರ್ಸ್ಟ್ ಎಂಬಾತನು ಒಂದು ಉಪಯುಕ್ತ ಸಂಗತಿಯನ್ನು ಕಂಡುಕೊಂಡನು. ಈ ವೈರಸ್ಸು ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಅದಕ್ಕೆ ವಿರೋಧವಾದ ಪ್ರತಿಕಾಯಗಳು ರಕ್ತದ್ರವದಲ್ಲಿದ್ದರೆ ಆ ಅಂಟುವಿಕೆ ನಿಲ್ಲುತ್ತದೆ. ರಕ್ತದ್ರವವನ್ನು ಎಷ್ಟು ಪಟ್ಟು ತೆಳುಮಾಡಿದರೂ ಈ ತಡೆ ಉಳಿಯುವುದೋ ಅದೇ ಪ್ರತಿಕಾಯಬಲದ ಅಳತೆಯಾಯಿತು. 40 ಪಟ್ಟು ತೆಳುಮಾಡಿದಾಗಲೂ ತಡೆ ಉಳಿದರೆ ಅಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ಷಣೆಯುಂಟೆಂದು ಮುಂದೆ ಗೊತ್ತಾಯಿತು. ಹೀಗೆ ಲಸಿಕೆಯೂ ಅಳತೆಗೋಲೂ ಕೈಗೆ ಬಂದುವು. ಗರ್ಭಿಣಿಯರಲ್ಲಿ ಅಳೆದು ನೋಡುವ ಕಾರ್ಯ ಮಾತ್ರ ನಡೆಯಲಿಲ್ಲ.

3

1953ರಲ್ಲಿ ಪೀಟರ್ ಮೆಡವಾರ್ ಒಂದು ಗಹನವಾದ ಪ್ರಶ್ನೆಯನ್ನು ಎತ್ತಿದರು. ಅನ್ಯರ ಚರ್ಮವನ್ನು ಕಸಿಮಾಡಿದರೆ ದೇಹವು ಅದನ್ನು ತಿರಸ್ಕರಿಸುತ್ತದೆ. ಭ್ರೂಣವಾದರೋ ಅರ್ಧಾಂಶ ತಂದೆಯದು. ಅದನ್ನು ತಾಯಿಯ ದೇಹವು ಒಂಬತ್ತು ತಿಂಗಳು ಸಹಿಸುವುದು ಹೇಗೆ? ಮೆಡವಾರ್ ಮೂರು ಸಾಧ್ಯತೆಗಳನ್ನು ಮುಂದಿಟ್ಟರು. ಅವುಗಳಲ್ಲಿ ಒಂದು, ಬಸಿರಿನಲ್ಲಿ ತಾಯಿಯ ನಿರೋಧಕ ವ್ಯವಸ್ಥೆಯು ಜಡವಾಗಿರಬಹುದೆಂಬುದು. ಇದು ಊಹೆ ಮಾತ್ರವಾಗಿತ್ತು. ಆದರೆ ಕಾಲಕ್ರಮದಲ್ಲಿ ಗರ್ಭಿಣಿಯ ನಿರೋಧಕ ಶಕ್ತಿ ಕುಗ್ಗಿರುತ್ತದೆಂಬ ಸಾಮಾನ್ಯ ನಂಬಿಕೆಯಾಗಿ ಬೇರೂರಿತು.

1957ರ ಮೇ ತಿಂಗಳಲ್ಲಿ ಹೊಸ ಬಗೆಯ ಇನ್‌ಫ್ಲುಯೆಂಜಾ ಹಡಗಿನ ಮೂಲಕ ಮದರಾಸಿಗೆ ಬಂದಿಳಿದು ದೇಶದಲ್ಲೆಲ್ಲ ಹಬ್ಬಿತು. ಅದೇ ಮಾರಿಯಲ್ಲಿ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಈ ಜ್ವರದಿಂದ ಸತ್ತ ಹೆರುವ ವಯಸ್ಸಿನ ಸ್ತ್ರೀಯರಲ್ಲಿ ಅರ್ಧದಷ್ಟು ಮಂದಿ ಗರ್ಭಿಣಿಯರೆಂದು ಕಂಡುಬಂದಿತು. 1960ರಲ್ಲಿ ಅಮೆರಿಕದ ಸರ್ಜನ್ ಜನರಲ್ ಅವರು ವೃದ್ಧರಿಗೂ ದೀರ್ಘರೋಗಿಗಳಿಗೂ ಗರ್ಭಿಣಿಯರಿಗೂ ಲಸಿಕೆಯನ್ನು ಶಿಫಾರಸು ಮಾಡಿದರು.

ಮರುವರ್ಷವೇ ಥಾಲಿಡೊಮೈಡ್ ಮಾತ್ರೆಯ ದುರಂತ ಬಯಲಾಯಿತು. ಬಸಿರಿನ ವಾಕರಿಕೆಗೆಂದು ಅದನ್ನು ಸೇವಿಸಿದ ತಾಯಂದಿರಿಗೆ ಕೈಕಾಲುಗಳು ಬೆಳೆಯದ ಸಾವಿರಾರು ಶಿಶುಗಳು ಜನಿಸಿದುವು. ಆ ಬಳಿಕ ಗರ್ಭಿಣಿಯರಿಗೆ ಯಾವ ಔಷಧವನ್ನು ಕೊಡುವುದಕ್ಕೂ ವೈದ್ಯರ ಕೈ ಅಂಜಿತು. ಪ್ರಯೋಗಗಳಿಂದ ಅವರನ್ನು ಹೊರಗಿಡುವುದೇ ಕ್ರಮವಾಯಿತು. ಈ ಎಚ್ಚರಿಕೆ ನಿರಾಧಾರವಾದುದಲ್ಲ. ಆದರೆ ಅದರ ಫಲವಾಗಿ, ಪರೀಕ್ಷೆ ನಡೆಯದುದರಿಂದ ಪ್ರಮಾಣವಿಲ್ಲ, ಪ್ರಮಾಣವಿಲ್ಲದುದರಿಂದ ಲಸಿಕೆಯಿಲ್ಲ ಎಂಬ ಸ್ಥಿತಿ ಒದಗಿತು. ಗರ್ಭದ ಎಲ್ಲ ಹಂತಗಳಲ್ಲಿಯೂ ಈ ಲಸಿಕೆಯನ್ನು ಕೊಡಬಹುದೆಂದು ಅಮೆರಿಕದ ಸಲಹಾ ಸಮಿತಿ ಹೇಳಿದ್ದು 2004ರಲ್ಲಿ.

4

ಈ ನಡುವೆ ಕೆಲವು ಅಳತೆಗಳು ನಡೆದುವು. 1976ರಲ್ಲಿ ಹಂದಿಜ್ವರದ ಭೀತಿಯಿಂದ ಅಮೆರಿಕದಲ್ಲಿ ಸಾಮೂಹಿಕವಾಗಿ ಲಸಿಕೆ ಹಾಕಿದಾಗ ಗರ್ಭಿಣಿಯರ ರಕ್ತವನ್ನು ಇತರ ಸ್ತ್ರೀಯರ ರಕ್ತದೊಡನೆ ಹೋಲಿಸಿ ನೋಡಲಾಯಿತು. ಗಣನೀಯವಾದ ಅಂತರವು ಕಾಣಲಿಲ್ಲ. ಮುಂದಿನ ಕೆಲವು ಅಧ್ಯಯನಗಳಲ್ಲಿ ಗರ್ಭಿಣಿಯರ ಪ್ರತಿಕಾಯಗಳು ತುಸು ಕಡಮೆಯಾಗಿ ಕಂಡುವಾದರೂ ಜಡತ್ವದ ಕಲ್ಪನೆಗೆ ಆಧಾರ ಸಿಕ್ಕಲಿಲ್ಲ.

ಮಗುವಿಗೆ ಸಲ್ಲುವ ಪಾಲಿನ ಮರ್ಮವೂ ಬಿಡಿಸಿಕೊಂಡಿತು. ರಕ್ತದ ಪ್ರತಿಕಾಯಗಳಲ್ಲಿ ಐಜಿಜಿ ಎಂಬ ವರ್ಗವು ಮಾಸನ್ನು ದಾಟಬಲ್ಲುದು, ಐಜಿಎಂ ದಾಟಲಾರದು. ಈ ದಾಟುವಿಕೆ ಬರಿಯ ಸೋರಿಕೆಯಲ್ಲ, ಪ್ರತಿಕಾಯವನ್ನು ಹಿಡಿದು ಸಾಗಿಸುವ ಗ್ರಾಹಕವೊಂದು ಇರಬೇಕೆಂದು ವೇಲ್ಸಿನ ಬ್ರಾಂಬೆಲ್ ತರ್ಕಿಸಿದ್ದರು. ಅಂಥ ಗ್ರಾಹಕವು ಮುಂದೆ ದೊರೆಯಿತು. ಸಾಗಾಟವು ಬಸಿರಿನ ಕೊನೆಯ ವಾರಗಳಲ್ಲಿ ಅತಿ ಹೆಚ್ಚು. ದಿನ ತುಂಬಿ ಹುಟ್ಟಿದ ಶಿಶುವಿನ ಹೊಕ್ಕುಳಬಳ್ಳಿಯ ರಕ್ತದಲ್ಲಿ ಐಜಿಜಿ ತಾಯಿಯ ರಕ್ತದಲ್ಲಿರುವಷ್ಟೇ, ಹಲವೊಮ್ಮೆ ಅದಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಆರು ತಿಂಗಳು ತುಂಬದ ಶಿಶುವಿಗೆ ಈ ಲಸಿಕೆಯನ್ನು ಹಾಕುವಂತಿಲ್ಲವಾದುದರಿಂದ ತಾಯಿಯ ಮೂಲಕ ಬರುವ ರಕ್ಷಣೆಯೇ ಅದಕ್ಕೆ ದಾರಿ.

ನಿರ್ಣಾಯಕವಾದ ಪ್ರಯೋಗವು ನಡೆದುದು ನಮ್ಮ ನೆರೆಯ ಢಾಕಾ ನಗರದಲ್ಲಿ, ಅದೂ ಆನುಷಂಗಿಕವಾಗಿ. ಅಲ್ಲಿ 2004-05ರಲ್ಲಿ 340 ಮಂದಿ ಗರ್ಭಿಣಿಯರ ಮೇಲೆ ಪರೀಕ್ಷಿಸಬೇಕೆಂದಿದ್ದುದು ನ್ಯೂಮೊಕಾಕಸ್ ಲಸಿಕೆಯನ್ನು. ಹೋಲಿಕೆಗಾಗಿ ಉಳಿದವರಿಗೆ ಇನ್‌ಫ್ಲುಯೆಂಜಾ ಲಸಿಕೆ ಕೊಟ್ಟಿದ್ದರು. ಶಿಶುಗಳನ್ನು ಆರು ತಿಂಗಳವರೆಗೆ ಗಮನಿಸಿದಾಗ ಹೋಲಿಕೆಯ ಗುಂಪೇ ಸುದ್ದಿಯಾಯಿತು. ಇನ್‌ಫ್ಲುಯೆಂಜಾ ಲಸಿಕೆ ಪಡೆದ ತಾಯಂದಿರ ಶಿಶುಗಳಲ್ಲಿ ಆ ರೋಗವು ಖಚಿತಪಟ್ಟುದು 6ರಲ್ಲಿ, ಇನ್ನೊಂದು ಗುಂಪಿನಲ್ಲಿ 16ರಲ್ಲಿ. ಎಂದರೆ ನೂರಕ್ಕೆ 63ರಷ್ಟು ಇಳಿತ. 2008ರಲ್ಲಿ ಜಮಾನ್ ಮತ್ತು ಅವರ ಸಂಗಡಿಗರು ಇದನ್ನು ಪ್ರಕಟಿಸಿದರು.

ಈ ಸಂಖ್ಯೆಗಳು ಚಿಕ್ಕವು. ಆದುದರಿಂದ ದೊಡ್ಡ ಪ್ರಯೋಗಗಳು ಬೇಕಾದುವು. ದಕ್ಷಿಣ ಆಫ್ರಿಕದ ಸೊವೆಟೊದಲ್ಲಿ ಎಚ್‌ಐವಿ ಸೋಂಕಿಲ್ಲದ 2,116 ಗರ್ಭಿಣಿಯರಲ್ಲಿ ನಡೆದ ಪರೀಕ್ಷೆಯು ತಾಯಿಗೂ ಮಗುವಿಗೂ ಸುಮಾರು ಅರ್ಧದಷ್ಟು ರಕ್ಷಣೆಯನ್ನು 2014ರಲ್ಲಿ ತೋರಿಸಿತು. ಮಾಲಿ ಮತ್ತು ನೇಪಾಳಗಳಲ್ಲಿ ಶಿಶುಗಳಿಗೆ ದೊರೆತ ರಕ್ಷಣೆ ಮೂರರಲ್ಲಿ ಒಂದು ಪಾಲಿನಷ್ಟು. ನೇಪಾಳದಲ್ಲಿ ಶಿಶುಗಳ ಜನನತೂಕ ಸರಾಸರಿ 42 ಗ್ರಾಂ ಹೆಚ್ಚಿತು. ಉಳಿದೆರಡು ಕಡೆ ಈ ಲಾಭ ಕಾಣಲಿಲ್ಲ. ಎರವಲು ಬಂದ ರಕ್ಷಣೆ ಬೇಗನೆ ಕರಗುವುದೆಂಬುದೂ ಸ್ಪಷ್ಟವಾಯಿತು: ಸೊವೆಟೊದ ಶಿಶುಗಳಲ್ಲಿ ಮೊದಲ ಎಂಟು ವಾರ ನೂರಕ್ಕೆ 85ರಷ್ಟಿದ್ದುದು ಆಮೇಲೆ 25-30ಕ್ಕೆ ಇಳಿಯಿತು.

5

ಹಾಗಾದರೆ ಮೊದಲನೆಯ ಪ್ರಶ್ನೆಗೆ ಉತ್ತರವೇನು? ಬಸಿರು ಬೆಳೆದಂತೆ ವಪೆ ಮೇಲಕ್ಕೊತ್ತಲ್ಪಟ್ಟು ಶ್ವಾಸಕೋಶಕ್ಕೆ ಎಡೆ ಕಡಮೆಯಾಗುವುದು, ಹೃದಯದ ಹೊರೆ ಹೆಚ್ಚುವುದು ಹಿಂದಿನಿಂದಲೂ ತಿಳಿದ ಸಂಗತಿ. 2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅದಕ್ಕೊಂದು ಹೊಸ ಅಂಶವನ್ನು ಸೇರಿಸಿದರು. ಗರ್ಭಿಣಿಯರ ನಿರೋಧಕ ಕಣಗಳನ್ನು ಇನ್‌ಫ್ಲುಯೆಂಜಾ ವೈರಸ್ಸಿಗೆ ಒಡ್ಡಿದಾಗ ಅವು ಇತರ ಸ್ತ್ರೀಯರ ಕಣಗಳಿಗಿಂತ ತೀವ್ರವಾಗಿ ಕೆರಳಿದುವು. ಶ್ವಾಸಕೋಶದಲ್ಲಿ ಈ ಅತಿಯಾದ ಉರಿಯೇ ಕೇಡುಂಟುಮಾಡಬಹುದೆಂದು ಅವರು ಸೂಚಿಸಿದ್ದಾರೆ. ದುರ್ಬಲವೆಂದು ಅರ್ಧ ಶತಮಾನ ಭಾವಿಸಿದ್ದ ದೇಹವು ಈ ವೈರಸ್ಸಿನ ವಿಷಯದಲ್ಲಿ ಅತಿ ಜಾಗೃತವಾಗಿರುವ ಸಂಭವವಿದೆ.

2009ರ ಹೊಸ ಇನ್‌ಫ್ಲುಯೆಂಜಾ ಭಾರತದಲ್ಲಿ ಮೊದಲ ಬಲಿಯನ್ನು ಪುಣೆಯಲ್ಲಿ ತೆಗೆದುಕೊಂಡಿತು. ಅಮೆರಿಕದ ಜನಸಂಖ್ಯೆಯಲ್ಲಿ ನೂರಕ್ಕೆ ಒಂದರಷ್ಟಿದ್ದ ಗರ್ಭಿಣಿಯರು ಅಲ್ಲಿನ ಸಾವುಗಳಲ್ಲಿ ನೂರಕ್ಕೆ ಐದರಷ್ಟಾದರು. 1919ರಲ್ಲಿ ಹ್ಯಾರಿಸ್ ಬರೆದುದು ತೊಂಬತ್ತು ವರ್ಷಗಳ ಮೇಲೆ ಮತ್ತೆ ನಿಜವಾಯಿತು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಲಸಿಕೆಗೆ ಗರ್ಭಿಣಿಯರೇ ಅಗ್ರಪ್ರಾಶಸ್ತ್ಯಕ್ಕೆ ಪಾತ್ರರೆಂದು ಘೋಷಿಸಿತು. ಗರ್ಭಿಣಿಯರಿಗೆ ಸಲ್ಲತಕ್ಕುದು ನಿಷ್ಕ್ರಿಯ ವೈರಸ್ಸಿನ ಚುಚ್ಚುಮದ್ದು. 2010ರಲ್ಲಿ ಪುಣೆಯಲ್ಲಿ ತಯಾರಾದಂಥ, ಮೂಗಿಗೆ ಸಿಂಪಡಿಸುವ ಸಜೀವ ಲಸಿಕೆಯಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು.

ನಮ್ಮ ದೇಶದಲ್ಲಿ ಬಸುರಿಗೆ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸುವುದು ಇಂದು ಹಳ್ಳಿಯ ಮನೆಗಳಲ್ಲಿಯೂ ರೂಢಿಯಾಗಿದೆ. ತಾಯಿಯ ತೋಳಿಗೆ ಕೊಟ್ಟುದು ಮಗುವನ್ನು ಕಾಯುತ್ತದೆಂಬ ಎರ್ಲಿಕನ ತತ್ತ್ವವನ್ನೇ ಆ ಮನೆಗಳು ಆಚರಿಸುತ್ತಿವೆ. ಇನ್‌ಫ್ಲುಯೆಂಜಾ ಲಸಿಕೆಯಾದರೋ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ವೈದ್ಯರು ಸೂಚಿಸಿದಲ್ಲಿ, ಕೊಳ್ಳುವ ಶಕ್ತಿಯಿದ್ದಲ್ಲಿ ಮಾತ್ರ ಅದು ದೊರೆಯುತ್ತಿದೆ. ಅದರ ರಕ್ಷಣೆ ಪೂರ್ಣವಲ್ಲ, ಪ್ರತಿ ವರ್ಷ ಲಸಿಕೆಯನ್ನು ಹೊಸದಾಗಿಸಬೇಕು ಎಂಬುದು ಸತ್ಯ. ಆದರೆ ಗರ್ಭಿಣಿಯ ದೇಹವು ಅದಕ್ಕೆ ಓಗೊಡಲಾರದೆಂಬ ಮಾತು ಸತ್ಯವಲ್ಲ. ರಕ್ಷಿಸುವ ಹೆಸರಿನಲ್ಲಿ ಒಂದು ವರ್ಗವನ್ನು ಪರೀಕ್ಷೆಯಿಂದ ಹೊರಗಿಟ್ಟರೆ ಆ ವರ್ಗವೇ ರಕ್ಷಣೆಯಿಂದ ಹೊರಗುಳಿಯುತ್ತದೆ ಎಂಬುದಕ್ಕೆ ಈ ಇತಿಹಾಸವು ಸಾಕ್ಷಿಯಾಗಿ ನಿಂತಿದೆ.